ವ್ಯಾಟ್ ಕೊನೆಗೆ ಕೇಳು

ಮಾತಾಡುವವರು ಇಬ್ಬರು. ಮಾವ ಧಾರವಾಡ ಸೀಮೆಯವರು. ನಾಗಪುರದ ಅಜನಿಯ ವಿದ್ಯುತ್ ಎಂಜಿನ್ ಶೆಡ್ಡಿನಲ್ಲಿ ದುಡಿದು, ನಿವೃತ್ತರಾದ ಮೇಲೂ ಊರು ಬಿಡದೆ ಅಲ್ಲೇ ಉಳಿದವರು. ಸೊಸೆ ಮೈಸೂರಿನವಳು, ಅಂಗಾಂಶ ಕೃಷಿ ಮಾಡುವ ಪ್ರಯೋಗಾಲಯವೊಂದರಲ್ಲಿ ಕೆಲಸ. ಮಹಡಿ ಮೇಲಿನ ಕೋಣೆಯಲ್ಲಿ ಎರಡು ಅಟ್ಟದ ಕಬ್ಬಿಣದ ರ್‍ಯಾಕ್ ನಿಂತಿದೆ. ಒಂದು ಅಟ್ಟಕ್ಕೆ ಕೊತ್ತಂಬರಿ, ಇನ್ನೊಂದಕ್ಕೆ ಜಂಬೇರಿ ನಿಂಬೆಯ ಸಸಿ ಎಂದು ಅವಳ ಯೋಜನೆ. ಜಂಬೇರಿಯ ಬೇರಿನ ಮೇಲೇ ನಾಗಪುರದ ಕಿತ್ತಳೆಯ ಕಣ್ಣು ಕಟ್ಟುವುದು.

ಸೊಸೆ: ಮಾವ, ಗಿಡಕ್ಕೆ ಬೆಳಕು ಕೊಡೋ ಎಲ್‌ಇಡಿ ಬೋರ್ಡ್‌ಗಳು ಬಂದವು. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಮ್ಮ ಕಳಿಸಿದ್ದಾನೆ. ಒಂದೊಂದು 60 ವ್ಯಾಟ್ ಅಂತೆ, ನಾಲ್ಕು ಸೇರಿದರೆ 240. ಬರ್ಡಿ ಪೇಟೆಗೆ ಹೋಗಿ 240 ವ್ಯಾಟಿನ ಡ್ರೈವರ್ ಒಂದು ತಂದುಬಿಡಲಾ?

ಮಾವ: ಹೋಗಬ್ಯಾಡ, ಕೂಡು. ವ್ಯಾಟ್ ಹೇಳಿದ್ರ ಅಂಗಡಿಯವ ಏನರ ಒಂದು ಕೊಟ್ಟ ಕಳಸ್ತಾನ. ಜಾಳಿಗಿ ಡಬ್ಬಿ ಅಂತ ಒಂದು ಬರ್ತದ, ಸಿಸಿಟಿವಿ ಕ್ಯಾಮೆರಾಕ್ಕ ಹಾಕೂದು. ಅದರ ಮ್ಯಾಲೂ 240 ವ್ಯಾಟ್ ಅಂತ ಬರದಿರ್ತದ, ಆದ್ರ ಹೊರಗ ಬರೂದು 12 ವೋಲ್ಟ್. ನಿನ್ನ ಬೋರ್ಡ್ ಮಿಣುಕ್ ಅನ್ನೂದೂ ಇಲ್ಲ.

ಸೊಸೆ: ಹಾಗಾದರೆ 48 ವೋಲ್ಟಿನದು ಕೇಳ್ತೀನಿ. ಬೋರ್ಡಿನ ಬೆನ್ನ ಮೇಲೆ 48ರಿಂದ 52 ಅಂತ ಬರೆದಿದೆ.

ಮಾವ: ಅದೂ ಪೂರಾ ಖರೇ ಅಲ್ಲ. ಮೊದಲ ಒಂದು ಹೇಳು. ನಿಮ್ಮ ಲ್ಯಾಬಿನ್ಯಾಗ ಮೊದಲ ಟ್ಯೂಬ್‌ಲೈಟ್ ಇದ್ವಲ್ಲ, ಅವಕ್ಕ ಚೋಕ್ ಯಾಕ ಬೇಕಾಗ್ತಿತ್ತು?

ಸೊಸೆ: ಹೊತ್ತಿಸೋಕೆ.

ಮಾವ: ಹೊತ್ತಿಸೂದು ಅರ್ಧ ಕೆಲಸ. ಹೊತ್ತಿದ ಮ್ಯಾಲೆ ತಡಿಯೂದು ಉಳದ ಅರ್ಧ. ಕೊಳವಿ ಒಳಗಿನ ಅನಿಲ ಒಮ್ಮೆ ಕರೆಂಟ್ ಹರಿಯಾಕ ಬಿಟ್ಟಿತಂದ್ರ ಮತ್ತಿಷ್ಟು, ಮತ್ತಿಷ್ಟು ಅಂತ ಎಳೀತದ. ಚೋಕ್ ಇಲ್ಲಂದ್ರ ಟ್ಯೂಬ್ ತನ್ನನ್ನ ತಾನ ಸುಟ್ಟಗೋತದ. ಎಲ್‌ಇಡಿ ಸ್ವಭಾವನೂ ಅದರ ಸಮೀಪದ್ದು. ಒಂದು ಎಲ್‌ಇಡಿಗೆ 2.75 ವೋಲ್ಟ್ ಕೊಟ್ಟಾಗ 65 ಮಿಲಿ ಆಂಪಿಯರ್ ಹರೀತದ ಅಂತ ಇಟ್ಟಗೋ. ಬರೇ 0.1 ವೋಲ್ಟ್ ಹೆಚ್ಚು ಮಾಡು, ಕರೆಂಟ್ ಸುಮಾರು ದುಪ್ಪಟ್ಟು. ಮ್ಯಾಲ ಅದು ಬಿಸಿ ಆದಂಗ ಅದರ ವೋಲ್ಟೇಜ್ ಇಳೀತದ. ಅಂದ್ರ ಅದ 2.75 ವೋಲ್ಟಿಗೆ ಇನ್ನೂ ಹೆಚ್ಚು ಕರೆಂಟ್, ಅದರಿಂದ ಇನ್ನೂ ಹೆಚ್ಚು ಬಿಸಿ. ಅದಕ್ಕ ಎಲ್‌ಇಡಿಗೆ ವೋಲ್ಟೇಜ್ ಹಿಡದು ಕೊಟ್ರ ಆಗೂದಿಲ್ಲ, ಕರೆಂಟ್ ಹಿಡದು ಕೊಡಬೇಕು. ಡ್ರೈವರ್ ಅಂದ್ರ ಅಷ್ಟ: ಕರೆಂಟ್ ಕಾಯಾಂವ.

ಸೊಸೆ: ಸರಿ. ಹಾಗಾದರೆ ಎಷ್ಟು ಕರೆಂಟ್?

ಮಾವ: ಅದನ್ನ ನೀ ಹೇಳಬೇಕವಾ. ನಿನ್ನ ಗಿಡ ಎಷ್ಟು ಬೆಳಕು ಬೇಡ್ತದ?

ಸೊಸೆ: ಅದು ನನ್ನ ವಿಷಯ. ಲ್ಯಾಬಿನ ಬಾಟಲಿ ಒಳಗಿನ ಸಸಿಗೆ ಚದರ ಮೀಟರಿಗೆ, ಸೆಕೆಂಡಿಗೆ 50 ಮೈಕ್ರೊಮೋಲ್ ಸಾಕು. ಅದು ಸಕ್ಕರೆ ನೀರು ಕುಡಿದು ಬದುಕುವ ಕೂಸು, ಬೆಳಕಿನ ಹಂಗು ಕಡಿಮೆ. ಸಿಟ್ರಸ್ ಸಂಶೋಧನಾ ಸಂಸ್ಥೆಯಲ್ಲಿ ರೋಗವಿಲ್ಲದ ಕಿತ್ತಳೆ ಗಿಡ ಮಾಡೋದು ಹೀಗೇನೇ. ಬೇರಿನ ಸಸಿಯನ್ನು ಎರಡು ವಾರ ಪೂರ್ತಿ ಕತ್ತಲಲ್ಲಿ ಮೊಳೆಸಿ, ತಲೆ ಕೊಯ್ದು, ಸೂಕ್ಷ್ಮದರ್ಶಕದ ಕೆಳಗೆ ಮಿಲಿಮೀಟರಿನ ಹತ್ತನೇ ಒಂದೆರಡು ಪಾಲಿನಷ್ಟು ಚಿಗುರಿನ ತುದಿ ಕೂರಿಸ್ತಾರೆ. 1972ರಲ್ಲಿ ಮುರಾಶಿಗೆ ತಂಡದವರು ತೋರಿಸಿದ ದಾರಿ, 1975ರಲ್ಲಿ ನವಾರೊ ಮತ್ತು ಜೊತೆಗಾರರು ಹದಕ್ಕೆ ತಂದರು. ಚಿಗುರಿನ ಆ ತುತ್ತತುದಿಗೆ ವೈರಸ್ ಇನ್ನೂ ತಲುಪಿರೋದಿಲ್ಲ, ಅದೇ ಗುಟ್ಟು. ನಮ್ಮ ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದರಲ್ಲೂ ಇಂಥ ಕಾಯಿಲೆಗಳ ಪಾಲು ದೊಡ್ಡದು. ಆದರೆ ನಾನು ಇಲ್ಲಿ ಮಾಡೋದು ಅಷ್ಟೆಲ್ಲ ಅಲ್ಲ. ಮಣ್ಣಲ್ಲಿ ಬೀಜ ಹಾಕಿ ಬೆಳೆಸೋ ಸಸಿ. ಅದಕ್ಕೆ 200 ಬೇಕು.

ಮಾವ: 200 ಅಂದ್ರ ಬಿಸಲಿನ ಲೆಕ್ಕದಾಗ ಎಷ್ಟು?

ಸೊಸೆ: ನಾಗಪುರದ ಮಧ್ಯಾಹ್ನದ ಬಿಸಿಲು 2000ದ ಹತ್ತಿರ. ಅದರ ಹತ್ತರಲ್ಲೊಂದು ಪಾಲು. ಆದರೆ ಹೊರಗಿನ ಬಿಸಿಲು ಏರಿ ಇಳಿಯುತ್ತೆ, ಇಲ್ಲಿ ಇಡೀ ಹೊತ್ತು ಒಂದೇ ಸಮ. 200ರಂತೆ 16 ಗಂಟೆ ಕೊಟ್ಟರೆ ದಿನಕ್ಕೆ ಸುಮಾರು 11.5 ಮೋಲ್ ಆಗುತ್ತೆ. ಸಸಿಗೆ ಧಾರಾಳ.

ಮಾವ: ಹಂಗಿದ್ರ ಅಟ್ಟದ ಅಳತಿ ಹಿಡಿ. 4 ಅಡಿಗೆ 2 ಅಡಿ.

ಸೊಸೆ: ಒಂದು ಚದರ ಮೀಟರಿನ ಮುಕ್ಕಾಲು ಪಾಲು. ಅಂದರೆ ಎಲೆಗೆ ಬೀಳಬೇಕಾದ್ದು ಸೆಕೆಂಡಿಗೆ 150 ಮೈಕ್ರೊಮೋಲ್. ಪಕ್ಕಕ್ಕೆ ಚೆಲ್ಲಿ ಹೋಗೋದು ಕಾಲು ಪಾಲಿಗೂ ಹೆಚ್ಚಿರುತ್ತೆ, ಆದ್ದರಿಂದ ಬೋರ್ಡಿನಿಂದ 205ರಷ್ಟು ಹೊರಡಬೇಕು. ಒಳ್ಳೆ ಬಿಳಿ ಬೋರ್ಡು ಒಂದು ವ್ಯಾಟಿಗೆ ಸೆಕೆಂಡಿಗೆ 2.7 ಮೈಕ್ರೊಮೋಲ್ ಕೊಡುತ್ತೆ ಅಂತ ಇಟ್ಟುಕೊಂಡರೆ, ಒಂದು ಅಟ್ಟಕ್ಕೆ 75 ವ್ಯಾಟ್. ಅಯ್ಯೋ, ನನ್ನ ಹತ್ತಿರ ಅಟ್ಟಕ್ಕೆ 120 ವ್ಯಾಟಿನ ಬೋರ್ಡಿದೆಯಲ್ಲ! ದುಡ್ಡು ದಂಡವಾ?

ಮಾವ: ದಂಡ ಅಲ್ಲ, ಅದ ಉಳಿತಾಯ. ಎಲ್‌ಇಡಿನ್ನ ಮೆತ್ತಗ ಓಡಿಸಿದಷ್ಟೂ ಒಂದು ವ್ಯಾಟಿಗೆ ಬೆಳಕು ಹೆಚ್ಚು, ಬಿಸಿ ಕಡಿಮಿ. ಈ ಊರಾಗ ಅದ ಬೇಕಾಗೂದು. ಹಂ, ಬೆಳಕನ್ನ ಹ್ಯಾಂಗ ಅಳೀತಿ?

ಸೊಸೆ: ಮೈಕ್ರೊಮೋಲಿನ ಮೀಟರ್ ಲ್ಯಾಬಿನದು, ಮನೆಗೆ ತರೋ ಹಾಗಿಲ್ಲ. ಲಕ್ಸ್ ಮೀಟರ್ ಇದೆ. ಬಿಳಿ ಎಲ್‌ಇಡಿ ಬೆಳಕಾದರೆ ಲಕ್ಸನ್ನು 65ರಿಂದ 70ರ ನಡುವಿನ ಒಂದು ಅಂಕೆಯಿಂದ ಭಾಗಿಸಿದರೆ ಹೆಚ್ಚುಕಡಿಮೆ ಸರಿಹೋಗುತ್ತೆ. 200ಕ್ಕೆ 13,500 ಲಕ್ಸ್ ಅಂತ ನೋಡ್ತೀನಿ. ಕೆಂಪು-ನೀಲಿ ಬೆರೆಸಿದ ನೇರಳೆ ದೀಪಕ್ಕೆ ಮಾತ್ರ ಈ ಲೆಕ್ಕ ನಡೆಯೋದಿಲ್ಲ. ಆ ದೀಪ ನನಗೆ ಬೇಡವೂ ಬೇಡ. ಅದರಡಿ ಎಲೆಯ ನಿಜವಾದ ಬಣ್ಣ ಕಾಣೋದಿಲ್ಲ, ಕಾಯಿಲೆ ಗೊತ್ತಾಗೋದೇ ಇಲ್ಲ.

ಮಾವ: ಮೀಟರನ್ನೂ ಒಮ್ಮೆ ಬಿಸಲಾಗ ಹಿಡದು ನೋಡು, ಲಕ್ಷದ ಹತ್ರ ತೋರಿಸಬೇಕು. 2024ರ ಮೇ ಕೊನೀಗೆ ಇದ ಊರಿನ ಸ್ವಯಂಚಾಲಿತ ಹವಾಮಾನ ಯಂತ್ರ 56 ಡಿಗ್ರಿ ಅಂತ ತೋರಿಸಿ ದೇಶನ ನಡುಗಿಸಿಬಿಡ್ತು. ಊರಾಗಿನ ಇನ್ನೊಂದು ಯಂತ್ರದಾಗ ಅದ ದಿನ 44. ಆಮ್ಯಾಲೆ ಹವಾಮಾನ ಇಲಾಖೆನ ಯಂತ್ರದ್ದು ದೋಷ ಅಂತು. ಒಂದ ಮೀಟರ್ ನಂಬಿ ಗಿಡ ಸುಡಬ್ಯಾಡ.

ಸೊಸೆ: ಕೇಸರಿ ಬೆಳೆಯೋರು ಬೆಳಕು ಅಳೆಯೋ ಈ ತಲೆನೋವಿಂದ ಅರ್ಧ ಪಾರು ನೋಡಿ. ಇದೇ ನಾಗಪುರದಲ್ಲಿ ತಂಪು ಕೋಣೆಯೊಳಗೆ ಕೇಸರಿ ಬೆಳೆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತಲ್ಲ. ಕೇಸರಿ ಹೂವು ಗೆಡ್ಡೆಯಲ್ಲಿ ಕೂಡಿಟ್ಟ ಆಹಾರದಿಂದಲೇ ಬರುತ್ತೆ, ತಟ್ಟೆಯಲ್ಲಿ ಮಣ್ಣಿಲ್ಲದೆ ಸುಮ್ಮನೆ ಜೋಡಿಸಿಟ್ಟರೂ ಅರಳುತ್ತೆ. ಆಗ ಅದಕ್ಕೆ ಬೇಕಾದ್ದು ತಂಪು. ಹೂವು ಕಿತ್ತ ಮೇಲೆ ಎಲೆ ಬೆಳೆದು ಮರಿಗೆಡ್ಡೆ ಕೊಬ್ಬಬೇಕಲ್ಲ, ಬೆಳಕಿನ ನಿಜವಾದ ಖರ್ಚು ಆಗ. ಚಿತ್ರ ತೆಗೆಯೋರು ಮಾತ್ರ ಹೂವಿನ ವಾರದಲ್ಲೇ ಬರ್ತಾರೆ.

ಮಾವ: ಖರೇ ಮಾತು. ಈಗ ಬೋರ್ಡ್ ಕೊಡಿಲ್ಲೆ. ಎಣಿಸಿ ನೋಡು, 288 ಚುಕ್ಕಿ ಅವ. ಹದಿನೆಂಟು ಚುಕ್ಕಿ ಒಂದರ ಹಿಂದ ಒಂದು, ಅಂಥ ಸಾಲು ಹದಿನಾರು. ಹಿಂದಮುಂದ ನಿಂತಾಗ ವೋಲ್ಟೇಜ್ ಕೂಡ್ತದ: ಒಂದಕ್ಕ 2.75, ಹದಿನೆಂಟಕ್ಕ 49.5. ಪಕ್ಕಪಕ್ಕ ನಿಂತಾಗ ಕರೆಂಟ್ ಹಂಚತದ. ಬೋರ್ಡಿಗೆ 1040 ಮಿಲಿ ಆಂಪಿಯರ್ ಕೊಟ್ರ ಒಂದೊಂದು ಸಾಲಿಗೆ 65. ಇದು ಸುಮಾರು 51 ವ್ಯಾಟ್ ಆತು. ನಿನಗ ಬೇಕಾದದ್ದು ಬೋರ್ಡಿಗೆ 37-38 ವ್ಯಾಟ್. ಅಂದ್ರ 750ರಿಂದ 800 ಮಿಲಿ ಆಂಪಿಯರ್, ಚುಕ್ಕಿಗೆ 50ರ ಒಳಗ. ಈ ಜಾತಿ ಚುಕ್ಕಿ 200ರ ತನಕ ತಾಳತದ ಅಂತ ಅದರ ಕಾಗದದಾಗ ಬರದಾರ. ನಾವು ಕಾಲು ಪಾಲಿನಾಗ ಓಡಸ್ತೀವಿ.

ಸೊಸೆ: ಅಂದರೆ 60 ವ್ಯಾಟ್ ಅಂತ ಹೇಳಿದ್ದು?

ಮಾವ: ಅದು ಅಂಗಡಿಯವನ ಮಾತು. ಬೋರ್ಡಿಗೆ ಇಂತಿಷ್ಟ ವ್ಯಾಟ್ ಅನ್ನೂದು ಇರೂದ ಇಲ್ಲ. ನೀ ಎಷ್ಟು ಕರೆಂಟ್ ಹರಿಸ್ತಿ, ಅದರ ಮ್ಯಾಲೆ ವ್ಯಾಟ್ ಬರ್ತದ. ಅದಕ್ಕ ವ್ಯಾಟ್ ಕೊನೀಗೆ ಕೇಳು ಅನ್ನೂದು. ಮೊದಲ ಕರೆಂಟ್, ಆಮ್ಯಾಲೆ ವೋಲ್ಟೇಜಿನ ಕಿಟಕಿ, ಎರಡೂ ಕೂಡಿದ್ರ ವ್ಯಾಟ್ ತಾನ ಬರ್ತದ.

ಸೊಸೆ: ಕಿಟಕಿ ಅಂದರೆ?

ಮಾವ: ಒಳ್ಳೆ ಡ್ರೈವರಿನ ಲೇಬಲ್ ಓದಬೇಕು. ತೈವಾನಿನ ಮೀನ್ ವೆಲ್ ಕಂಪನಿದು ಒಂದು ತಗೋ, 185 ವ್ಯಾಟ್ ವರ್ಗದ್ದು, ಹೆಸರಿನ ಕೊನೀಗೆ ಸಿ1400 ಅಂತ ಇರ್ತದ. ಅದರರ್ಥ 1400 ಮಿಲಿ ಆಂಪಿಯರ್ ಕೊಡ್ತೀನಿ, ಆದ್ರ ನೀವು ಜೋಡಿಸಿದ ಸರಂಜಾಮಿನ ವೋಲ್ಟೇಜ್ 71ರಿಂದ 143ರ ಒಳಗ ಇರಬೇಕು. ಅದ ವರ್ಗದಾಗ ಸಿ700 ಅಂತ ಇನ್ನೊಂದು, ಅದರ ಕಿಟಕಿ 143ರಿಂದ 286. ಎರಡರ ವ್ಯಾಟೂ ಹೆಚ್ಚುಕಡಿಮಿ ಒಂದ. ಆದ್ರ ಒಂದಕ್ಕ ಹೊಂದೂ ಜೋಡಣಿ ಇನ್ನೊಂದಕ್ಕ ಹೊಂದೂದಿಲ್ಲ. ಕಿಟಕಿಗಿಂತ ಕೆಳಗ ಇದ್ರ ಡ್ರೈವರ್ ಮಿಣಮಿಣ ಅಂತದ ಇಲ್ಲಾ ಬಂದ್ ಆಗ್ತದ. ಮ್ಯಾಲ ಇದ್ರ ಬೆಳಕ ಇಲ್ಲ.

ಸೊಸೆ: ಹಾಗಾದರೆ ನಾಲ್ಕೂ ಬೋರ್ಡು ಒಂದರ ಹಿಂದೆ ಒಂದು ಕಟ್ಟಿದರೆ... ಒಂದಕ್ಕೆ 49, ನಾಲ್ಕಕ್ಕೆ 196. ಸಿ700ರ ಕಿಟಕಿಗೆ ಸರಿಯಾಗಿ ನಡುವಲ್ಲಿ ಬರುತ್ತೆ! ಬೋರ್ಡಿಗೆ 700 ಮಿಲಿ ಆಂಪಿಯರ್, ಸ್ವಲ್ಪ ಕಡಿಮೆ ಆದರೂ ನಡೆಯುತ್ತೆ. ಇದನ್ನೇ ತಗೊಳ್ಳೋಣ.

ಮಾವ: ಲೆಕ್ಕ ಬರೋಬರಿ. ದೊಡ್ಡ ಗೋದಾಮಿನ್ಯಾಗ ಹಿಂಗ ಮಾಡ್ತಾರ, ಮಾಡಬೇಕಾದದ್ದೂ ಹಿಂಗ. ಎಲ್ಲಾ ಬೋರ್ಡಿನ್ಯಾಗೂ ಹರಿಯೂದು ಒಂದ ಕರೆಂಟ್, ಹೆಚ್ಚುಕಡಿಮಿ ಅನ್ನೂ ಮಾತ ಇಲ್ಲ. ವೈರ್ ಸಣ್ಣದಿದ್ರೂ ನಡೀತದ. ಆದ್ರ ನೀ ಕೈಯಾಗ ನೀರಿನ ಸ್ಪ್ರೇ ಹಿಡದು ನಿಲ್ಲಾಕಿ. ತಲಿ ಮ್ಯಾಲ 196 ವೋಲ್ಟ್ ಡಿಸಿ. ನಿನ್ನ ಮಗ ದಿನಾ ಇಲ್ಲಿ ಬಂದು ಟ್ರೇ ಎಳದಾಡ್ತಾನ. ಒದ್ದಿ ಕೈಗೆ ಅಷ್ಟು ಡಿಸಿ ಹೊಡದ್ರ ಜೀವಕ್ಕ ಅಪಾಯ. ಇಪ್ಪತ್ತೈದು ಸಾವಿರ ವೋಲ್ಟಿನ ತಂತಿ ಕೆಳಗ ಕೆಲಸ ಮಾಡಿ ಬಂದಾಂವ ನಾನು, ಆ ತಂತಿಗೆ ಯಾರೂ ಸಲಿಗಿಲೆ ಹೋಗೂದಿಲ್ಲ. ಮನ್ಯಾಗಿನ ನೂರು ಇನ್ನೂರು ವೋಲ್ಟಿಗೇ ಮಂದಿ ಮೈಮರೀತಾರ.

ಸೊಸೆ: ಸರಿ, ಅದು ಬೇಡ. ಎರಡೆರಡು ಹಿಂದೆ ಮುಂದೆ ಕಟ್ಟಿ, ಆ ಎರಡು ಜೋಡಿಯನ್ನ ಪಕ್ಕಪಕ್ಕ ಹಾಕಿದರೆ? ಸಿ1400. ವೋಲ್ಟೇಜು 98, ಕಿಟಕಿಯೊಳಗೇ ಇದೆ. 1400 ಎರಡು ಪಾಲಾಗಿ ತಲಾ 700.

ಮಾವ: ಹಂಚಿಕಿ ಎಲ್ಲಿ ಬಂತೋ ಅಲ್ಲಿ ಅಣ್ಣತಮ್ಮಂದಿರ ಪಾಲಿನ ಜಗಳ ಬಂದಂಗ. ಮ್ಯಾಲಿನ ಅಟ್ಟ ಬಿಸಿ, ಕೆಳಗಿಂದು ತಂಪು. ಬಿಸಿ ಬೋರ್ಡಿನ ವೋಲ್ಟೇಜ್ ಇಳೀತದ, ಅದು ತನ್ನ ಪಾಲಿಗಿಂತ ಹೆಚ್ಚು ಕರೆಂಟ್ ಜಗ್ಗತದ. ಅದು ಸ್ವಲ್ಪ ಅಂತ ಬಿಡು, ಹತ್ತು ಹದಿನೈದು ಪರ್ಸೆಂಟ್ ಗಿಡಕ್ಕ ಗೊತ್ತಾಗೂದಿಲ್ಲ. ಖರೇ ಅಂಜಿಕಿ ಬ್ಯಾರೆ. ಒಂದು ಜೋಡಿಯ ವೈರ್ ಕಳಚಿತು ಅನ್ನು. ಈ ಡ್ರೈವರ್ 1400 ಕೊಡ್ತೀನಿ ಅಂತ ಹಟ ಹಿಡದದ್ದು, ಅಷ್ಟೂ ಉಳದ ಜೋಡಿಗೆ ನುಗ್ಗಸ್ತದ. ಚುಕ್ಕಿಗೆ 87 ಮಿಲಿ ಆಂಪಿಯರ್.

ಸೊಸೆ: 200ರ ಒಳಗೇ ಇದೆಯಲ್ಲ. ಸುಡೋದಿಲ್ಲ.

ಮಾವ: ಚುಕ್ಕಿ ಸುಡೂದಿಲ್ಲ. ಆದ್ರ ಬೋರ್ಡಿನ ಬಿಸಿ ದುಪ್ಪಟ್ಟು ಮೀರತದ, ಕೆಳಗಿನ ಗಿಡಕ್ಕ ಬೆಳಕೂ ಹತ್ರ ಹತ್ರ ದುಪ್ಪಟ್ಟು. ಮೇ ತಿಂಗಳ ರಾತ್ರಿ ಎರಡು ಗಂಟೆಗೆ ಇದು ಆದ್ರ ಮುಂಜಾನಿ ಎದ್ದಾಗ ಸಸಿ ಬಾಡಿರ್ತಾವ.

ಸೊಸೆ: ಮಧ್ಯದಲ್ಲಿ ಫ್ಯೂಸ್ ಹಾಕೋಣ.

ಮಾವ: ಎಲ್ಲಾರೂ ಹಿಂಗ ಅಂತಾರ. ಗಾಜಿನ ಫ್ಯೂಸ್ ಅಂದ್ರ ಶಾರ್ಟ್ ಆದಾಗ ಹಾರಿ ಹೋಗಾಕ ಮಾಡಿದ್ದು. 700 ಹರಿಯೂ ಕಡೆ 1400 ಬಂತಂದ್ರ ಅದು ಯಾವಾಗ ಹಾರತದ ಅಂತ ಹೇಳಾಕ ಬರೂದಿಲ್ಲ. ಒಂದೊಂದು ಸಲ ಬಹಳ ಹೊತ್ತು ತಾಳಿಕೊಂಡ ಕೂಡ್ತದ. ಇಷ್ಟು ಸಣ್ಣ ಅಂತರಕ್ಕ ಫ್ಯೂಸ್ ಮ್ಯಾಲೆ ಭಾರ ಹಾಕೂದು ನನಗ ಸೇರೂದಿಲ್ಲ. ಗಟ್ಟಿ ಕನೆಕ್ಟರ್ ಹಾಕು, ಬೋರ್ಡಿನ ಬೆನ್ನಿಗೆ ಅಲ್ಯುಮಿನಿಯಂ ಪಟ್ಟಿ ಕಟ್ಟು. ಅದಕ್ಕಿಂತ ದೊಡ್ಡ ರಕ್ಷಣಾ ಅಂದ್ರ ನಾವು ಕಾಲು ಪಾಲಿನಾಗ ಓಡಸೂದು. ತುದಿ ತನಕ ಓಡಿಸಿದವರಿಗೆ ಇಂಥಾ ದಿನ ಬೋರ್ಡ ಉಳಿಯೂದಿಲ್ಲ.

ಸೊಸೆ: ಮೂರನೇ ದಾರಿ?

ಮಾವ: ನಾಲ್ಕೂ ಪಕ್ಕಪಕ್ಕ. ವೋಲ್ಟೇಜ್ 49ರ ಮ್ಯಾಲೆ ಹೋಗೂದಿಲ್ಲ. ಒಟ್ಟ ಕರೆಂಟ್ 3 ಆಂಪಿಯರ್. ಇದಕ್ಕ 54 ವೋಲ್ಟ್ ಅಂತ ಹೆಸರಿರೂ ಡ್ರೈವರ್ ಬರ್ತಾವ, ಕೊನೀಗೆ ಎ ಅಕ್ಷರ ಇದ್ರ ಮೈಯಾಗ ಎರಡು ತಿರುಪು ಇರ್ತಾವ, ರಬ್ಬರ್ ಮುಚ್ಚಳ ತಗದು ಸ್ಕ್ರೂಡ್ರೈವರ್‌ಲೆ ತಿರಗಸೂದು. ಒಂದು ವೋಲ್ಟೇಜಿಂದು, ಒಂದು ಕರೆಂಟಿಂದು. 54ರ ಡ್ರೈವರ್ 27ರಿಂದ 54ರ ತನಕ ಕರೆಂಟ್ ಹಿಡದು ಕೊಡ್ತದ, ಹಂಗಾಗಿ 49 ಅದರ ಕಿಟಕಿಯಾಗ ಬೀಳತದ. ಬೋರ್ಡ್ ಕಳಚಿದ್ರೂ ತುದಿಯಾಗ 54ಕ್ಕಿಂತ ಹೆಚ್ಚು ನಿಲ್ಲೂದಿಲ್ಲ. 60ರ ಒಳಗಿನ ಡಿಸಿ, ಕೂಸು ಮುಟ್ಟಿದ್ರೂ ನನ್ನ ಎದಿ ಒಡಿಯೂದಿಲ್ಲ. ನನ್ನ ಆಯ್ಕೆ ಇದ.

ಸೊಸೆ: 48ರದ್ದು ಯಾಕೆ ಬೇಡ?

ಮಾವ: ಬೋರ್ಡಿಗೆ 49 ಬೇಕು, ಡ್ರೈವರಿಗೆ 48 ಬರ್ತದ. ತಿರುಪು ತಿರುಗಿಸಿ ಏರಸಬಹುದು. ಆದ್ರ ಚಳಿಗಾಲದ ಮುಂಜಾನಿ ಬೋರ್ಡ್ ತಣ್ಣಗಿದ್ದಾಗ ಅದರ ವೋಲ್ಟೇಜ್ ಇನ್ನಷ್ಟು ಏರಿರ್ತದ. ತುದಿಗಾಲಿನ ಮ್ಯಾಲೆ ಯಾಕ ನಿಲ್ಲಿಸಬೇಕು? 54 ತಗೋ, 3.45 ಆಂಪಿಯರಿಂದು, 185 ವ್ಯಾಟ್ ವರ್ಗ. ಮುಗೀತು.

ಸೊಸೆ: ಮುಗೀಲಿಲ್ಲ ಮಾವ. ಎರಡು ಅಟ್ಟಕ್ಕೂ ಒಂದೇ ಹೊತ್ತು ಬೆಳಕು ಕೊಡೋ ಹಾಗಿಲ್ಲ.

ಮಾವ: ಯಾಕ?

ಸೊಸೆ: ಕೊತ್ತಂಬರಿಗೆ ದಿನ ಉದ್ದವಾದರೆ ಹೂವಿನ ಕಡೆಗೆ ಮನಸ್ಸು ಹೋಗುತ್ತೆ. 16 ಗಂಟೆ ಬೆಳಕು, ಮೇಲಿಂದ ಬಿಸಿ ಕೋಣೆ ಆದರೆ ಎಲೆ ಕೊಯ್ಯೋ ಮೊದಲೇ ದಂಟು ಎದ್ದು ಹೂ ಬಿಡುತ್ತೆ. ನಾಗಪುರದ ಬೇಸಿಗೆಯಲ್ಲಿ ಪೇಟೆಗೆ ಬರೋ ಕೊತ್ತಂಬರಿ ಕಟ್ಟು ಸಣ್ಣದಾಗಿ ಬೆಲೆ ಏರೋದಕ್ಕೂ ಬಿಸಿಲೇ ಕಾರಣ. ಅದಕ್ಕೆ 12 ಗಂಟೆ ಮೀರಬಾರದು. ಜಂಬೇರಿಗೆ ಆ ತೊಂದರೆ ಇಲ್ಲ, 16 ಗಂಟೆ ಕೊಟ್ಟಷ್ಟೂ ಚಿಗುರುತ್ತೆ. ಕೊತ್ತಂಬರಿಗೆ ಹೊತ್ತು ಕಡಿಮೆ ಆದ್ದರಿಂದ ಬೆಳಕಿನ ಬಿರುಸು ಸ್ವಲ್ಪ ಹೆಚ್ಚಿಸಬೇಕು, 200ರ ಬದಲು 225. ಆಗ ದಿನಕ್ಕೆ 9.7 ಮೋಲ್. ಮನೆಗೆ ಸಾಂಬಾರ್ ವಡಿ, ಅಂದರೆ ಇಲ್ಲಿಯ ಕೊತ್ತಂಬರಿ ವಡೆ, ಮಾಡೋಷ್ಟು ಸೊಪ್ಪಿಗೆ ಸಾಕು.

ಮಾವ: ಅಂದ್ರ ಎರಡು ಟೈಮರ್, ಎರಡು ಕರೆಂಟ್. ನನ್ನ ದೊಡ್ಡ ಡ್ರೈವರ್ ನಡಿಯೂದಿಲ್ಲ. ಇದನ್ನ ನೀ ಮೊದಲ ಹೇಳಬಾರದಾಗಿತ್ತೇನವಾ?

ಸೊಸೆ: ನೀವು ಬೆಳಕು ಎಷ್ಟು ಅಂತ ಕೇಳಿದಿರಿ, ಎಷ್ಟು ಹೊತ್ತು ಅಂತ ಕೇಳಲಿಲ್ಲ.

ಮಾವ: ಬರ್ಕೋ ಹಂಗಾದ್ರ. ಅಟ್ಟಕ್ಕೊಂದು ಡ್ರೈವರ್. 54 ವೋಲ್ಟ್, 2.3 ಆಂಪಿಯರ್, 120 ವ್ಯಾಟ್ ವರ್ಗ, ಎ ಅಕ್ಷರದ್ದು, ಎರಡು. ಕೊತ್ತಂಬರಿ ಅಟ್ಟಕ್ಕ 1.75 ಆಂಪಿಯರ್, ಬೋರ್ಡಿಗೆ 875 ಮಿಲಿ. ಜಂಬೇರಿಗೆ 1.5. ಎರಡೂ ತಮ್ಮ ತಾಕತ್ತಿನ ಮೂರನೇ ಎರಡು ಪಾಲಿನ ಹತ್ರ ದುಡೀತಾವ, ಅದ ಅವಕ್ಕ ಹಿತ. ಬಹಳ ಕಡಿಮಿ ಭಾರ ಹಾಕಿದ್ರೂ ಪವರ್ ಫ್ಯಾಕ್ಟರ್ ಕೆಡತದ. ಒಂದು ಡ್ರೈವರ್ ಸತ್ರ ಇನ್ನೊಂದು ಅಟ್ಟ ಉಳೀತದ. ರೊಕ್ಕ ಸ್ವಲ್ಪ ಹೆಚ್ಚು, ಆಗವಲ್ತು.

ಸೊಸೆ: ಎರಡು ಸಣ್ಣದು ಒಂದು ದೊಡ್ಡದಕ್ಕಿಂತ ಬಿಸಿ ಕಡಿಮೆಯಾ?

ಮಾವ: ಒಟ್ಟ ಬಿಸಿ ಅಷ್ಟ. ಆದ್ರ ಹರವಿಕೊಂಡ ಇರ್ತದ. ಒಂದೊಂದರಾಗ ಆರೇಳು ವ್ಯಾಟ್ ಬಿಸಿ. ಈ ಊರಾಗ ಡ್ರೈವರ್ ಸಾಯೂದು ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿ. 10 ಡಿಗ್ರಿ ಏರಿದ್ರ ಅದರ ಆಯುಷ್ಯ ಅರ್ಧ ಅಂತ ನಮ್ಮ ಕಡೆ ಲೆಕ್ಕ. ಪುಸ್ತಕದಾಗ ಬರಿಯೂ ಆಯುಷ್ಯ ತಂಪು ದೇಶದ್ದು. ಬ್ಯಾಸಗಿ ಉರಿ ತುದಿಗೇರೂ ನೌತಪಾದ ಒಂಬತ್ತು ದಿನ, ಸ್ಲ್ಯಾಬ್ ಕೆಳಗಿನ ಈ ಕೋಣಿ, ಹೊರಗ 45. ಡ್ರೈವರನ್ನ ರ್‍ಯಾಕಿನ ಮ್ಯಾಲ, ಬೋರ್ಡಿನ ಬೆನ್ನಿಗೆ ಕಟ್ಟಬ್ಯಾಡ. ಎಲ್ಲಾರೂ ಮಾಡೂದು ಅದನ್ನ, ಯಾಕಂದ್ರ ವೈರ್ ಉಳೀತದ. ಕೋಣಿ ಹೊರಗಿನ ಪಡಸಾಲಿ ಗ್ವಾಡಿಗೆ, ಕಬ್ಬಿಣದ ತಗಡಿನ ಮ್ಯಾಲೆ, ಗಾಳಿ ಆಡೂಹಂಗ ಬಿಗಿ. ಎರಡು ಮೂರು ಮೀಟರ್ ವೈರಿಗೆ ಏನೂ ಆಗೂದಿಲ್ಲ, 1 ಚದರ ಮಿಲಿಮೀಟರಿಂದು ಸಾಕು.

ಸೊಸೆ: ಕೂಲರ್ ಹಾಕ್ತೀನಲ್ಲ ಕೋಣೆಗೆ.

ಮಾವ: ಹಾಕು, ಗಿಡಕ್ಕ ಬೇಕು. ಆದ್ರ ಕೂಲರ್ ಗಾಳಿ ಅಂದ್ರ ಒದ್ದಿ ಗಾಳಿ. ಬೋರ್ಡಿನ ಮುಖದ ಬೆಸುಗಿ ಮ್ಯಾಲೆ ಹಸರ ಹಿಡಿಯೂದು ಇದರಿಂದನ. ಕೂಲರಿನ ನೇರಕ್ಕ ಬೋರ್ಡ್ ಇಡಬ್ಯಾಡ. ಮತ್ತ ದೀಪ ಹಗಲಿನ್ಯಾಗ ಯಾಕ ಹಚ್ಚತಿ?

ಸೊಸೆ: ಹಗಲು ತಾನೇ ಗಿಡಕ್ಕೆ ಬೆಳಕು... ಓಹ್. ಕೋಣೆಗೆ ಕಿಟಕಿ ಮುಚ್ಚಿದರೆ ಯಾವುದು ಹಗಲು, ಯಾವುದು ರಾತ್ರಿ! ಸಂಜೆ 7ಕ್ಕೆ ಹೊತ್ತಿಸಿ ಬೆಳಗ್ಗೆ 7ಕ್ಕೆ ಆರಿಸಿದರೆ ಕೊತ್ತಂಬರಿಗೆ 12 ಗಂಟೆ. ಜಂಬೇರಿಗೆ ಬೆಳಗ್ಗೆ 11ರವರೆಗೆ. ಮಧ್ಯಾಹ್ನದ ಉರಿಯಲ್ಲಿ ಎರಡೂ ಕತ್ತಲು. ಆದರೆ ಆ ಹೊತ್ತಲ್ಲೂ ಕೋಣೆ 30ರ ಆಸುಪಾಸಲ್ಲಿ ಇರಲೇಬೇಕು. ದೀಪ ಆರಿದೆ ಅಂತ ಕೂಲರ್ ನಿಲ್ಲಿಸಿದರೆ ಕೊತ್ತಂಬರಿ ಮೊಳಕೆ ಅಲ್ಲಿಗೆ ಮುಗೀತು.

ಮಾವ: ಬಿಲ್ ನೋಡು. ಎರಡೂ ಅಟ್ಟ ಕೂಡಿ ದಿನಕ್ಕ 2.4 ಯೂನಿಟ್, ತಿಂಗಳಿಗೆ 70ರ ಮ್ಯಾಲೆ. ಮಹಾವಿತರಣದ ಬಿಲ್ಲಿನಾಗ 100ರ ತನಕ ಒಂದು ದರ, 300ರ ತನಕ ಇನ್ನೊಂದು. ಬ್ಯಾಸಗಿಯಾಗ ನಾವು ಕೂಲರ್, ಫ್ರಿಜ್ ಕೂಡಿಸಿ 300ರ ಅಂಚಿನ್ಯಾಗ ಇರ್ತೀವಿ. ನಿನ್ನ ಕೊತ್ತಂಬರಿ ಮನಿನ್ನ ಮ್ಯಾಲಿನ ದರಕ್ಕ ಏರಸ್ತದ.

ಸೊಸೆ: ಹಾಗಾದರೆ ನನ್ನ ಕೊತ್ತಂಬರಿ ಪೇಟೆಗಿಂತ ದುಬಾರಿ.

ಮಾವ: ಖಾತ್ರಿ. ಅದನ್ನ ಚೆಂದಕ್ಕ ಬೆಳಿ. ರೊಕ್ಕದ ಮಾತು ಬಂದ್ರ ಜಂಬೇರಿ ಸಸಿಯಾಗ ನೋಡು. ಕಾಟೋಲ, ನರಖೇಡ ಕಡೆಯ ಕಿತ್ತಳೆ ತೋಟದವರು ಒಳ್ಳೆ ಬೇರಿನ ಸಸಿ ಹುಡಕ್ತಾರ.

ಸೊಸೆ: ಡ್ರೈವರ್ ತರುವಾಗ ಅಸಲಿ, ನಕಲಿ ಹೇಗೆ ನೋಡಲಿ?

ಮಾವ: ಐಎಸ್ 15885 ಅಂತ ಮಾನಕದ ಗುರುತು, ಅದರ ಕೆಳಗ ಆರ್ ಅಕ್ಷರದಿಂದ ಶುರು ಆಗೂ ನೋಂದಣಿ ನಂಬರ್ ಇರಬೇಕು, ಎಲ್‌ಇಡಿ ಡ್ರೈವರಿಗೆ ಅದು ಕಡ್ಡಾಯ. ನಂಬರನ್ನ ಬಿಐಎಸ್ ಆ್ಯಪಿನ್ಯಾಗ ಹಾಕಿ ನೋಡು. ಕೈಯಾಗ ಹಿಡದು ತೂಕನೂ ನೋಡು. ಒಳಗ ಅಂಟು ತುಂಬಿದ ಡ್ರೈವರ್ ಭಾರ ಇರ್ತದ. ಹಗುರ ಇದ್ರ ತಿರಗಿ ಕೊಡು. ಮೂರು ಪಿನ್ನಿನ ವೈರಾಗ ಹಸರ ತಂತಿ ಕತ್ತರಸಬ್ಯಾಡ, ರ್‍ಯಾಕಿಗೂ ಅರ್ಥ್ ಕಟ್ಟು. ಇನ್ನೊಂದು. ಹಚ್ಚಿದ ಕ್ಷಣ ಡ್ರೈವರ್ ಒಳಗಿನ ಕೆಪಾಸಿಟರ್ ತುಂಬಾಕ ಹತ್ತಾರು ಆಂಪಿಯರ್ ಒಮ್ಮೆಲೆ ಎಳೀತದ, ಕಣ್ಣ ಮಿಟಕಸೂದಕ್ಕಿಂತ ಕಡಿಮಿ ಹೊತ್ತು. ಎರಡೂ ಸಂಜಿ 7ಕ್ಕ ಕೂಡೇ ಹತ್ತಿದ್ರ, ಬಿ ಜಾತಿ ಎಂಸಿಬಿ ಇದ್ರ ಟಪ್ ಅಂತ ಬೀಳಬಹುದು. ಮ್ಯಾಲಿನ ಕೋಣಿಗೆ ಸಿ ಜಾತಿಯ ಎಂಸಿಬಿ ಹಾಕಿಸ್ತೀನಿ. ನೀ ಒಂದು ಟೈಮರ್ 7ಕ್ಕ, ಇನ್ನೊಂದು 7 ಹೊಡದು 5 ನಿಮಿಷಕ್ಕ ಇಡು.

ಸೊಸೆ: ಮೊದಲ ಸಲ ಹೊತ್ತಿಸೋದು ಹೇಗೆ? ಡ್ರೈವರ್ ಆನ್ ಮಾಡಿ, ಆಮೇಲೆ ಬೋರ್ಡಿನ ವೈರ್ ಚುಚ್ಚೋದಾ?

ಮಾವ: ಎಂದೂ ಮಾಡಬ್ಯಾಡ! ಬೋರ್ಡ್ ಇಲ್ಲದಾಗ ಡ್ರೈವರಿನ ತುದಿಯಾಗ ಪೂರಾ 54 ವೋಲ್ಟ್ ತುಂಬಿಕೊಂಡ ಕೂತಿರ್ತದ. ಆಗ ಚುಚ್ಚಿದ್ರ 49ರ ಬೋರ್ಡಿಗೆ ಒಮ್ಮೆಲೆ ಬಡೀತದ, ಕಿಡಿನೂ ಹಾರತದ. ಮೊದಲ ಬೋರ್ಡ್, ಕೂಡು-ಕಳಿ ಎರಡು ಸಲ ನೋಡಿ ಜೋಡಸು. ಕೊನೀಗೆ ಗ್ವಾಡಿಯ ಸ್ವಿಚ್. ತಗಿಯೂ ಮುಂದ ಸ್ವಿಚ್ ಮೊದಲ ಆರಿಸಿ ಒಂದೆರಡು ನಿಮಿಷ ತಡದು ವೈರ್ ಬಿಚ್ಚು. ಮಲ್ಟಿಮೀಟರನ್ನ ಆಂಪಿಯರಿಗೆ ಇಟ್ಟು, ತಂತಿನೂ ಅದರ 10 ಆಂಪಿಯರ್ ತೂತಿಗೆ ಹಾಕಿ, ಡ್ರೈವರ್ ಮತ್ತ ಬೋರ್ಡಿನ ನಡುವ ಸೇರಸು. ಕರೆಂಟ್ ತಿರುಪು ಪೂರಾ ಕೆಳಗ ಇಟ್ಟು ಹಚ್ಚು, ನಿಧಾನ ಏರಸ್ಕೋತ 1.75ಕ್ಕ ತಂದು ನಿಲ್ಲಸು. ವೋಲ್ಟೇಜಿನ ತಿರುಪು ಮುಟ್ಟಬ್ಯಾಡ.

ಸೊಸೆ: ಆಮೇಲೆ ಲಕ್ಸ್ ಮೀಟರ್. ನಡುವಲ್ಲೂ ನಾಲ್ಕು ಮೂಲೆಯಲ್ಲೂ. ಮೂಲೆ ಮಸುಕಾಗಿದ್ದರೆ ಬೋರ್ಡನ್ನ ಅಂಚಿಗೆ ಸರಿಸ್ತೀನಿ, ಕರೆಂಟ್ ಏರಿಸೋದಿಲ್ಲ.

ಮಾವ: ಅರ್ಧ ತಾಸು ಹತ್ತಿದ ಮ್ಯಾಲೆ ಒಂದೊಂದು ಬೋರ್ಡಿನ ಕರೆಂಟ್ ಬ್ಯಾರೆ ಬ್ಯಾರೆ ಅಳಿ. ಒಂದು 900, ಇನ್ನೊಂದು 850 ಇದ್ರ ಬಿಟ್ಟಬಿಡು. ಒಂದು 1100, ಒಂದು 650 ಬಂತಂದ್ರ ಅವೆರಡೂ ಒಂದ ಜೋಡಿ ಅಲ್ಲ. ಆ ಅಟ್ಟದ ಒಂದನ್ನ ಇನ್ನೊಂದು ಅಟ್ಟಕ್ಕ ಅದಲುಬದಲು ಮಾಡಿ ಮತ್ತ ಅಳಿ.

ಸೊಸೆ: ಆಗಲೂ ಹೊಂದಲಿಲ್ಲ ಅಂದರೆ?

ಮಾವ: ಆಗ ಎಸ್.ಪಿ. ರೋಡಿನ ಬೋರ್ಡ್ ವಾಪಸ್ ತಗೋತಾರೇನು ಅಂತ ನಿಮ್ಮ ತಮ್ಮಗ ಫೋನ್ ಹಚ್ಚು. ಹಂ, ಬರ್ಡಿಗೆ ಹೊಂಟ್ಯಲ್ಲ, ಮಲ್ಟಿಮೀಟರಿಗೆ 9 ವೋಲ್ಟಿನ ಸೆಲ್ ಒಂದು ತಾ. ಇದ್ದದ್ದು ಇಳದದ.